ಮೂವತ್ಮೂರು ವರ್ಷ ತಗೊಂಡ ಸಿಂಫನಿ

ಬಾಲಾಕಿರೆವ್ ಅನ್ನುವ ರಷ್ಯನ್ ಸಂಗೀತಗಾರನ ಹೆಸರನ್ನು ನಾನು ಹುಡುಕಿಕೊಂಡು ಹೋದವನಲ್ಲ. ಹೋಗಿದ್ದು ನಮ್ಮ ಮಹಾರಾಜರ ಹಿಂದೆ. ವೀಣೆ ಪಾಠದಲ್ಲಿ ಜಯಚಾಮರಾಜ ಒಡೆಯರ್ ಅವರ ಒಂದು ಕೃತಿ ನಡೆಯುತ್ತಿತ್ತು, ಅಠಾಣ ರಾಗದ್ದು. ಪಲ್ಲವಿ ದಾಟಿ ಅನುಪಲ್ಲವಿಗೆ ಬರುವಷ್ಟರಲ್ಲಿ ನನ್ನ ಬೆರಳು ಕೈಕೊಟ್ಟಿದ್ದವು. ಅಭ್ಯಾಸ ತಪ್ಪಿಸಿಕೊಳ್ಳಲು ನನ್ನದೊಂದು ಹಳೇ ಉಪಾಯ ಇದೆ. ನುಡಿಸುವ ಬದಲು ಅದರ ಬಗ್ಗೆ ಓದುತ್ತಾ ಕೂರುವುದು. ಹಾಗೆ ಕೂತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು. 1949ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಹರ್ಬರ್ಟ್ ಫಾನ್ ಕಾರಾಯನ್ ಅನ್ನುವ ವಾದ್ಯವೃಂದ ನಿರ್ದೇಶಕ, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮಿಲಿ ಬಾಲಾಕಿರೆವ್‌ನ ಮೊದಲ ಸಿಂಫನಿಯನ್ನು ರೆಕಾರ್ಡ್ ಮಾಡಿದ. ಸಿಂಫನಿ ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ಉದ್ದನೆಯ ಕೃತಿ. ದುಡ್ಡು ಮೈಸೂರಿನದು.

ಎರಡು ಸಲ ಓದಿದೆ. ಮೈಸೂರು ಸ್ಯಾಂಡಲ್ ಸೋಪು, ಮೈಸೂರು ಪಾಕು, ಸರಿ. ಮೈಸೂರು ದುಡ್ಡಿನ ರಷ್ಯನ್ ಸಿಂಫನಿ?

ಅವತ್ತು ರಾತ್ರಿ ಕೇಳಿದೆ. ಅದು ಹಳೇ ಮೋನೊ ರೆಕಾರ್ಡಿಂಗು. ಒಳಗಿನಿಂದ ಸಣ್ಣಗೆ ಎಣ್ಣೆ ಕಾಯುವ ಹಾಗೆ ಸದ್ದು. ಮೊದಲ ಸಲ ಏನೂ ಅರ್ಥವಾಗಲಿಲ್ಲ. ಮೂರನೇ ಭಾಗದಲ್ಲಿ ಒಂದು ಕ್ಲಾರಿನೆಟ್ ಬಂತು. ಪಾತ್ರೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದೆ. ಅಷ್ಟು ಸಾಕಾಯ್ತು. ಆಮೇಲೆ ಎರಡು ವರ್ಷ ಈ ಮನುಷ್ಯನ ಬೆನ್ನು ಬಿಡಲಿಲ್ಲ.

ಪಶ್ಚಿಮದ ಸಂಗೀತವನ್ನು ನಾನು ಕ್ರಮವಾಗಿ ಕಲಿತವನಲ್ಲ. ನಮ್ಮ ಬೀದಿಯಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನ ಪಕ್ಕ ಸಿನಿಮಾ ಹಾಡು ಹೇಳುವ ತಂಡ. ಈಗಲೂ ಆ ಪದ ಕೇಳಿದರೆ ಮೊದಲು ನೆನಪಾಗುವುದು ಅದೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಪಂಡಿತರ ವಿಮರ್ಶೆಯಲ್ಲ. ಒಬ್ಬ ಕೇಳುಗ ಕಟ್ಟಿಕೊಂಡ ಕತೆ ಅಂದುಕೊಳ್ಳಿ.

ಮಿಲಿ ಬಾಲಾಕಿರೆವ್ ಹುಟ್ಟಿದ್ದು 1837ರಲ್ಲಿ, ವೋಲ್ಗಾ ನದಿ ದಂಡೆಯ ನಿಜ್ನಿ ನೊವ್ಗೊರೊದ್ ಊರಲ್ಲಿ. ಮೊದಲ ಪಿಯಾನೊ ಪಾಠ ಅಮ್ಮನಿಂದ. ಅವನಿಗೆ ಹತ್ತು ವರ್ಷವಾದಾಗ ಅಮ್ಮ ತೀರಿಹೋದಳು. ಆ ಊರಲ್ಲಿ ಉಲಿಬಿಶೆವ್ ಅಂತ ಒಬ್ಬ ಶ್ರೀಮಂತ ಜಮೀನ್ದಾರನಿದ್ದ. ಮೊಜಾರ್ಟ್ ಬಗ್ಗೆ ದಪ್ಪ ಪುಸ್ತಕ ಬರೆದವನು, ಮನೆಯಲ್ಲೇ ವಾದ್ಯಗಾರರನ್ನು ಸೇರಿಸುತ್ತಿದ್ದವನು. ಹುಡುಗ ಅವನ ಮನೆಯ ಸಂಗೀತ ಪುಸ್ತಕಗಳನ್ನು ಓದುತ್ತಾ, ಅಲ್ಲಿಯ ವಾದ್ಯಗಾರರ ಜೊತೆ ತಾಲೀಮು ಮಾಡುತ್ತಾ ಕಲಿತ. ಕಾಲೇಜು ಅಂದರೆ ಕಜಾನ್‌ನಲ್ಲಿ ಗಣಿತ, ಅದೂ ಅರ್ಧಕ್ಕೆ. 1855ರಲ್ಲಿ ಉಲಿಬಿಶೆವ್ ಅವನನ್ನು ಸೇಂಟ್ ಪೀಟರ್ಸ್‌ಬರ್ಗ್‌ಗೆ ಕರೆದುಕೊಂಡು ಹೋಗಿ ಗ್ಲಿಂಕಾನ ಮುಂದೆ ನಿಲ್ಲಿಸಿದ. ರಷ್ಯನ್ನರು ತಮ್ಮದೇ ಸಂಗೀತ ಬರೆಯಬಹುದು ಅಂತ ಮೊದಲು ತೋರಿಸಿಕೊಟ್ಟವನು ಈ ಗ್ಲಿಂಕಾ. ಅವನಿಗೆ ಹುಡುಗ ಹಿಡಿಸಿದ. ಆದರೆ ಒಂದೂವರೆ ವರ್ಷದೊಳಗೆ ಗ್ಲಿಂಕಾ ಬರ್ಲಿನ್‌ನಲ್ಲಿ ತೀರಿಕೊಂಡ. ಉಳಿದವನು ಇಪ್ಪತ್ತರ ಬಾಲಾಕಿರೆವ್. ಮನೆ ಯಜಮಾನ ಹೋದ ಮೇಲೆ ಮೊದಲ ಮಗ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಾಗೆ, ರಷ್ಯನ್ ಸಂಗೀತದ ಹೊಣೆಯೆಲ್ಲಾ ತನ್ನದೇ ಅಂದುಕೊಂಡ.

ಇನ್ನು ಅವನ ಶಿಷ್ಯರು. ಶಿಷ್ಯರು ಅನ್ನುವುದಕ್ಕಿಂತ ಅವನ ಕೈಗೆ ಸಿಕ್ಕವರು ಅನ್ನಬೇಕು. ಕ್ಯುಯಿ ಮಿಲಿಟರಿ ಎಂಜಿನಿಯರ್, ಕೋಟೆ ಕಟ್ಟುವ ವಿದ್ಯೆ ಅವನದು. ಮುಸೋರ್ಗ್‌ಸ್ಕಿ ಗಾರ್ಡ್ಸ್ ದಳದ ಯುವ ಅಧಿಕಾರಿ. ರಿಮ್‌ಸ್ಕಿ-ಕೊರ್ಸಕೊವ್ ನೌಕಾಪಡೆಯ ಹದಿನೇಳರ ಹುಡುಗ. ಬೊರೊದಿನ್ ರಸಾಯನಶಾಸ್ತ್ರದ ಮೇಷ್ಟ್ರು. ಒಬ್ಬನೂ ಸಂಗೀತದಿಂದ ಹೊಟ್ಟೆ ಹೊರೆಯುವವನಲ್ಲ. ಇವರೆಲ್ಲಾ ಸಂಜೆ ಬಾಲಾಕಿರೆವ್‌ನ ಮನೆಯಲ್ಲಿ ಪಿಯಾನೊ ಸುತ್ತ ಸೇರುತ್ತಿದ್ದರು. 1867ರಲ್ಲಿ ಸ್ಟಾಸೊವ್ ಅನ್ನುವ ವಿಮರ್ಶಕ ಈ ಗುಂಪಿಗೆ 'ಬಲಶಾಲಿ ಪುಟ್ಟ ಗುಂಪು' ಅಂತ ಹೆಸರಿಟ್ಟ. ಆಗದವರು ಅದನ್ನೇ ಗೇಲಿಗೆ ಬಳಸಿದರು. ಗೇಲಿ ಮರೆತುಹೋಗಿ ಹೆಸರು ಮಾತ್ರ ಉಳಿದಿದೆ.

ಬಾಲಾಕಿರೆವ್ ಪಾಠ ಹೇಳುವ ರೀತಿ ನೋಡಬೇಕು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಅಂತೆಲ್ಲಾ ಇಲ್ಲ. ಬಂದ ಮೊದಲ ದಿನವೇ 'ಸಿಂಫನಿ ಬರಿ' ಅನ್ನುವುದು. ರಿಮ್‌ಸ್ಕಿ-ಕೊರ್ಸಕೊವ್‌ಗೆ ಆಗ ಸ್ವರಮೇಳದ ಹೆಸರುಗಳೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಬರೆದ. ನೌಕಾಪಡೆಯ ಹಡಗಿನಲ್ಲಿ ಎರಡೂವರೆ ವರ್ಷ ಸಮುದ್ರ ಸುತ್ತಿದ, ದಾರಿಯಲ್ಲೇ ಒಂದು ಭಾಗ ಬರೆದು ಅಂಚೆಯಲ್ಲಿ ಕಳಿಸಿದ. 1865ರ ಡಿಸೆಂಬರ್‌ನಲ್ಲಿ ಬಾಲಾಕಿರೆವ್ ಅದನ್ನು ನುಡಿಸಿದಾಗ, ಚಪ್ಪಾಳೆಗೆ ವೇದಿಕೆ ಹತ್ತಿದವನು ನೌಕಾಪಡೆಯ ಸಮವಸ್ತ್ರದ ಹುಡುಗ. ಬೊರೊದಿನ್‌ಗೂ ಅದೇ ಆಜ್ಞೆ. ಅವನು ಐದು ವರ್ಷ ತಗೊಂಡ. 1869ರಲ್ಲಿ ಅದನ್ನೂ ನುಡಿಸಿದವನು ಬಾಲಾಕಿರೆವ್. ಆ ವರ್ಷವೇ ಮಾಸ್ಕೋದ ಚೈಕೋವ್‌ಸ್ಕಿಗೆ 'ರೋಮಿಯೊ ಜೂಲಿಯೆಟ್ ಮೇಲೆ ಬರಿ' ಅಂತ ದುಂಬಾಲು ಬಿದ್ದ. ಯಾವ ಭಾಗ ಯಾವ ಶ್ರುತಿಯಲ್ಲಿರಬೇಕು ಅಂತ ಯೋಜನೆ ಕೊಟ್ಟ. ತಾನಾಗಿದ್ದರೆ ಹೀಗೆ ಶುರುಮಾಡುತ್ತಿದ್ದೆ ಅಂತ ನಾಲ್ಕು ಸಾಲು ಬರೆದೂ ಕಳಿಸಿದ. ಬಂದ ಕರಡನ್ನು ಬೈದು ವಾಪಸ್ ಕಳಿಸಿದ. ಚೈಕೋವ್‌ಸ್ಕಿ ಗೊಣಗಿಕೊಂಡೇ ತಿದ್ದಿದ. ಇವತ್ತು ಜಗತ್ತೆಲ್ಲಾ ಕೇಳುವ ಆ ಪ್ರೇಮದ ರಾಗ ಇರುವುದು ಡಿ ಫ್ಲ್ಯಾಟ್ ಮೇಜರ್‌ನಲ್ಲಿ. ಅದು ಬಾಲಾಕಿರೆವ್‌ನ ಪ್ರೀತಿಯ ಶ್ರುತಿ. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಒಂದೂವರೆ ಮನೆ.

ಇಂಥವನು 1864ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ, ತನ್ನದೇ ಒಂದು ಸಿಂಫನಿ ಶುರುಮಾಡಿದ. ಎರಡು ವರ್ಷದಲ್ಲಿ ಮೊದಲ ಭಾಗದ ಬಹುಪಾಲು ಮುಗಿಯಿತು. ಮುಂದಿನ ಭಾಗಗಳಿಗೆ ಅಲ್ಲೊಂದು ಇಲ್ಲೊಂದು ತುಣುಕೂ ಇತ್ತು. ಆಮೇಲೆ ನಿಂತಿತು.

ಮುಗಿಸಿದ್ದು 1897ರಲ್ಲಿ.

ಈ ಲೆಕ್ಕ ಮೊದಲ ಸಲ ಓದಿದಾಗ ನಕ್ಕೆ. ಊರವರಿಗೆಲ್ಲಾ ಸಿಂಫನಿ ಬರೆಸಿದವನು ತನ್ನದನ್ನು ಮೂವತ್ಮೂರು ವರ್ಷ ಎಳೆದನಲ್ಲಾ ಅಂತ. ಆಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ 'ಅರ್ಧ' ಅನ್ನುವ ಹೆಸರಿನ ಒಂದು ಫೋಲ್ಡರ್ ಇದೆ ಅನ್ನುವುದು ನೆನಪಾಯ್ತು. ನಗು ನಿಲ್ಲಿಸಿದೆ.

ಯಾಕೆ ನಿಂತಿತು? ಒಂದು ಕಾರಣ, ಅವನಿಗೆ ಪುರುಸೊತ್ತೇ ಇರಲಿಲ್ಲ. 1862ರಲ್ಲಿ ಲೊಮಾಕಿನ್ ಅನ್ನುವ ಗಾಯನದ ಮೇಷ್ಟ್ರ ಜೊತೆ ಸೇರಿ ಅವನು ಉಚಿತ ಸಂಗೀತ ಶಾಲೆ ತೆರೆದಿದ್ದ. ಫೀಸು ಕಟ್ಟಲಾಗದವರಿಗೆ ಹಾಡು ಕಲಿಸುವ ಶಾಲೆ. ಅದೇ ವರ್ಷ ಆಂಟನ್ ರೂಬಿನ್‌ಸ್ಟೈನ್ ಅದೇ ಊರಲ್ಲಿ, ಜರ್ಮನ್ ಮಾದರಿಯಲ್ಲಿ, ಸರ್ಕಾರದ ಕೃಪೆಯಲ್ಲಿ ಕನ್ಸರ್ವೇಟರಿ, ಅಂದರೆ ಸಂಗೀತ ಕಾಲೇಜು, ತೆರೆದ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಬಾಲಾಕಿರೆವ್ ಉಚಿತ ಶಾಲೆಗೆ ದುಡ್ಡು ಹೊಂದಿಸಬೇಕು, ಕಛೇರಿ ನಡೆಸಬೇಕು, ಶಿಷ್ಯರ ಬರಹ ತಿದ್ದಬೇಕು, ಮಧ್ಯೆ ಹೊಟ್ಟೆಪಾಡಿಗೆ ಪಿಯಾನೊ ಪಾಠ ಹೇಳಬೇಕು.

ಇನ್ನೊಂದು ಕಾರಣ, ಅವನು ರಾಗ ಹುಡುಕಿಕೊಂಡು ಅಲೆಯುತ್ತಿದ್ದ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

1860ರ ಬೇಸಿಗೆಯಲ್ಲಿ ಅವನು ವೋಲ್ಗಾ ಗುಂಟ ಹೋಗಿ ಜನರ ಬಾಯಲ್ಲಿದ್ದ ಹಾಡು ಬರೆದುಕೊಂಡ. 1866ರಲ್ಲಿ 40 ಹಾಡುಗಳ ಪುಸ್ತಕ ತಂದ. ವೋಲ್ಗಾದ ದಂಡೆಯಲ್ಲಿ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕೂಲಿಗಳ ಹಾಡಿದೆಯಲ್ಲ, ಆ ಎಳೆತದ ಉಸಿರೇ ಹಾಡಾದಂಥದ್ದು, ಅದು ಮೊದಲು ಅಚ್ಚಾದದ್ದು ಈ ಪುಸ್ತಕದಲ್ಲೇ. ಜನಪದ ಹಾಡಿಗೆ ಜರ್ಮನ್ ಕೋಟು ತೊಡಿಸುವುದು ಆಗಿನ ರೂಢಿ. ಬಾಲಾಕಿರೆವ್ ಹಾಗೆ ಮಾಡಲಿಲ್ಲ. ಹಾಡಿನ ಜಾಯಮಾನ ಎತ್ತ ಎಳೆಯುತ್ತದೋ ಅತ್ತಲೇ ಪಕ್ಕವಾದ್ಯವನ್ನೂ ನಡೆಸಿದ. ಆಮೇಲೆ ಬಂದವರೆಲ್ಲಾ ಈ ದಾರಿ ತುಳಿದರು.

ಅಷ್ಟರಲ್ಲಿ ಕಾಕಸಸ್ ಹುಚ್ಚು ಹಿಡಿಯಿತು. ರಷ್ಯಾದ ದಕ್ಷಿಣದ ಬೆಟ್ಟಸೀಮೆ ಅದು. 1862, 1863, 1868, ಹೀಗೆ ಮತ್ತೆ ಮತ್ತೆ ಹೋದ. ನೆಪ, ಅಲ್ಲಿಯ ಬಿಸಿನೀರಿನ ಬುಗ್ಗೆಗಳ ಚಿಕಿತ್ಸೆ. ನಿಜವಾದ ಸೆಳೆತ ಬೆಟ್ಟ, ಅಲ್ಲಿಯ ಕುಣಿತ, ಮತ್ತೆ ಲೆರ್ಮೊಂತೊವ್‌ನ ಕವಿತೆ. ಅಲ್ಲಿ ಕೇಳಿದ ಒಂದು ಕುಣಿತದ ಧಾಟಿಯಿಂದ 1869ರಲ್ಲಿ 'ಇಸ್ಲಾಮೆಯ್' ಅನ್ನುವ ಪಿಯಾನೊ ಕೃತಿ ಹುಟ್ಟಿತು, ಅದು ಕೆಲವೇ ವಾರದಲ್ಲಿ. ಆದರೆ 'ತಮಾರಾ' ಅನ್ನುವ ಆರ್ಕೆಸ್ಟ್ರಾ ಕೃತಿಗೆ ಹದಿನೈದು ವರ್ಷ ಬೇಕಾಯಿತು, 1867ರಿಂದ 1882ರವರೆಗೆ. ತೆರೆಕ್ ನದಿ ಕೊರೆದ ದರ್ಯಾಲ್ ಕಣಿವೆಯಲ್ಲಿ ಒಂದು ಗೋಪುರ. ಅಲ್ಲೊಬ್ಬ ರಾಣಿ. ದಾರಿಹೋಕರನ್ನು ರಾತ್ರಿ ಕರೆಯುತ್ತಾಳೆ, ಬೆಳಿಗ್ಗೆ ಹೆಣ ನದಿಯಲ್ಲಿ ತೇಲುತ್ತದೆ. ಶುರುವಿನಲ್ಲಿ ಕೆಳಗಿನ ತಂತಿವಾದ್ಯಗಳು ಗುಸುಗುಟ್ಟುತ್ತವೆ. ಅದು ನದಿ ಅಂತ ಯಾರೂ ಹೇಳಿಕೊಡಬೇಕಿಲ್ಲ. ಕುಣಿತ ಏರುತ್ತಾ ಏರುತ್ತಾ ಉನ್ಮಾದವಾಗಿ, ಕೊನೆಗೆ ಮತ್ತೆ ನದಿ. ಆ ಕೊನೆಯೂ ಡಿ ಫ್ಲ್ಯಾಟ್ ಮೇಜರ್, ಒಂದೂವರೆ ಮನೆ. ಕೊಲೆಗಾತಿ ರಾಣಿಗೂ ಅವನು ತನ್ನ ಪ್ರೀತಿಯ ಶ್ರುತಿಯನ್ನೇ ಕೊಟ್ಟ. ರಿಮ್‌ಸ್ಕಿ-ಕೊರ್ಸಕೊವ್‌ನ ಅರೇಬಿಯನ್ ರಾತ್ರಿಗಳ ಕೃತಿ ಕೇಳಿದವರಿಗೆ ಇದನ್ನು ಕೇಳಿದರೆ ಒಂದು ಅನುಮಾನ ಬರುತ್ತದೆ. ಮೇಷ್ಟ್ರ ಅಂಗಡಿಯಿಂದ ಶಿಷ್ಯ ಎಷ್ಟು ಸಾಮಾನು ಸಾಲ ತಂದ ಅಂತ.

ಇಲ್ಲಿ ಒಂದು ಮುಳ್ಳೂ ಇದೆ. ಬಾಲಾಕಿರೆವ್ ಮೊದಲು ಕಾಕಸಸ್‌ಗೆ ಹೋದಾಗ ಅಲ್ಲಿ ಯುದ್ಧ ನಡೆಯುತ್ತಿತ್ತು. ರಷ್ಯಾದ ಸೈನ್ಯ ಬೆಟ್ಟದ ಜನರನ್ನು ಸದೆಬಡಿಯುತ್ತಿತ್ತು. 1864ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಚೆರ್ಕೆಸ್ ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಮ್ಮ ನೆಲ ಕಳೆದುಕೊಂಡು ಸಮುದ್ರ ದಾಟಿ ತುರ್ಕಿಯ ಕಡೆ ಹೋದರು. ಪೀಟರ್ಸ್‌ಬರ್ಗ್‌ನಲ್ಲಿ ಚಕ್ರವರ್ತಿಯ ಅಂಗರಕ್ಷಕ ದಳದಲ್ಲಿ ಕಾಕಸಸ್ ಸೈನಿಕರಿದ್ದರು. ಬಾಲಾಕಿರೆವ್ ಮತ್ತು ರಿಮ್‌ಸ್ಕಿ-ಕೊರ್ಸಕೊವ್ ಅವರ ಬ್ಯಾರಕ್‌ಗೆ ಹೋಗಿ ಅವರ ಹಾಡು ಕೇಳಿಕೊಂಡು ಬರುತ್ತಿದ್ದರು. ಸೋತವರ ಧಾಟಿ ಗೆದ್ದವರ ಆರ್ಕೆಸ್ಟ್ರಾದಲ್ಲಿ ಸೇರಿ 'ರಷ್ಯನ್ ಸಂಗೀತ' ಅನ್ನಿಸಿಕೊಂಡಿತು. ಬಾಲಾಕಿರೆವ್‌ಗೆ ಆ ಜನರ ಮೇಲೆ, ಅವರ ರಾಗದ ಮೇಲೆ ಇದ್ದದ್ದು ನಿಜವಾದ ಮೋಹ ಅಂತಲೇ ನನಗನ್ನಿಸುತ್ತದೆ. ಮೋಹ ಇತ್ತು ಅಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ, ಅಲ್ವಾ? 'ತಮಾರಾ' ಕೇಳುವಾಗ ಎರಡೂ ನೆನಪಿರುತ್ತದೆ. ಆದರೂ ಕೇಳುತ್ತೇನೆ.

ಮತ್ತೆ ಸಿಂಫನಿ ಕತೆಗೆ. ನಿಂತುಹೋದದ್ದಕ್ಕೆ ಮೂರನೇ ಕಾರಣ, ಅವನೇ ಕುಸಿದುಬಿದ್ದ. 1869ರಲ್ಲಿ ರಷ್ಯನ್ ಸಂಗೀತ ಸಂಘದ ಕಛೇರಿಗಳನ್ನು ನಡೆಸುವ ಕೆಲಸದಿಂದ ಅವನನ್ನು ಕಿತ್ತುಹಾಕಿದರು. ಅದರ ಹಿಂದೆ ಇದ್ದದ್ದು ಅರಮನೆಯ ಒಬ್ಬ ದೊಡ್ಡ ಹೆಂಗಸು, ಗ್ರ್ಯಾಂಡ್ ಡಚೆಸ್ ಎಲೆನಾ ಪಾವ್ಲೊವ್ನಾ. ಅವನೋ ಮಾತಿನಲ್ಲಿ ನಯ ನಾಜೂಕು ಇಲ್ಲದವನು. ಉಚಿತ ಶಾಲೆ ಸಾಲದಲ್ಲಿ ಮುಳುಗಿತು. 1870ರಲ್ಲಿ ಹುಟ್ಟಿದ ಊರಿಗೆ ಹೋಗಿ ಕಛೇರಿ ಕೊಟ್ಟ, ನಮ್ಮವರಾದರೂ ಕೈ ಹಿಡಿದಾರು ಅಂತ. ಖರ್ಚು ಕಳೆದು ಕೈಗೆ ಬಂದದ್ದು 11 ರೂಬಲ್. ಫ್ರಾನ್ಸಿನ ಚಕ್ರವರ್ತಿ ಸೆಡಾನ್‌ನಲ್ಲಿ ಸೋತು ಸೆರೆಸಿಕ್ಕ ವರ್ಷ ಅದು. ಇದು ನನ್ನ ಸೆಡಾನ್ ಅಂದ ಬಾಲಾಕಿರೆವ್.

ಆಮೇಲೆ ಮಾತು ನಿಂತಿತು. ಗೆಳೆಯರ ಮನೆಗೆ ಹೋಗುವುದು ನಿಂತಿತು. 1872ರಲ್ಲಿ ವಾರ್ಸಾ ರೈಲ್ವೆಯ ಸರಕು ಸಾಗಣೆ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ. ರಷ್ಯನ್ ಸಂಗೀತದ ಸರದಾರ ಗೂಡ್ಸ್ ಆಫೀಸಿನಲ್ಲಿ ಕಾಗದ ಜೋಡಿಸುತ್ತಾ ಕೂತಿದ್ದ. ದೇವರಿಲ್ಲ ಅನ್ನುತ್ತಿದ್ದವನು ಕಟ್ಟಾ ಆಸ್ತಿಕನಾದ, ಮನೆ ತುಂಬಾ ದೇವರ ಪಟ, ಅದರ ಮುಂದೆ ದೀಪ. ಮಾಂಸ ಬಿಟ್ಟ. ಮೀನು ತಿನ್ನುವುದಾದರೂ ತಾನಾಗಿ ಸತ್ತ ಮೀನೇ ಆಗಬೇಕು. ಮನೆಯಲ್ಲಿ ಹುಳ ಕಂಡರೆ ಮೆಲ್ಲಗೆ ಹಿಡಿದು, ದೇವರ ಹೆಸರು ಹೇಳಿ ಕಿಟಕಿಯಿಂದ ಆಚೆ ಬಿಡುತ್ತಿದ್ದ. ರಿಮ್‌ಸ್ಕಿ-ಕೊರ್ಸಕೊವ್ ಇದನ್ನೆಲ್ಲಾ ತನ್ನ ನೆನಪುಗಳಲ್ಲಿ ಬರೆದಿದ್ದಾನೆ, ಸ್ವಲ್ಪ ವ್ಯಂಗ್ಯವಾಗಿಯೇ. ನನಗೇನೋ ವ್ಯಂಗ್ಯ ಕಾಣುವುದಿಲ್ಲ. ನಮ್ಮ ಅಜ್ಜಿ ಜಿರಲೆಗೂ ಹಾಗೇ ಮಾಡುತ್ತಿದ್ದಳು.

ನಾಲ್ಕೈದು ವರ್ಷ ಕಳೆದು ನಿಧಾನಕ್ಕೆ ವಾಪಸ್ ಬಂದ. 'ತಮಾರಾ' ಮುಗಿಸಿದ. ಉಚಿತ ಶಾಲೆ ಮತ್ತೆ ಕೈಗೆ ತಗೊಂಡ. 1883ರಿಂದ 1894ರವರೆಗೆ ಅರಮನೆಯ ಪ್ರಾರ್ಥನಾ ಗಾಯಕರ ಸಂಸ್ಥೆ ನೋಡಿಕೊಂಡ. ನಿವೃತ್ತಿಯಾದ ಮೇಲೆ, ಪಿಂಚಣಿ ಬರತೊಡಗಿದ ಮೇಲೆ, ಆ ಹಳೇ ಕಾಗದ ತೆಗೆದ.

ನನ್ನ ಮಟ್ಟಿಗೆ ಈ ಕತೆಯ ತಿರುಳು ಇಲ್ಲೇ ಇದೆ. ಅರವತ್ತರ ಹತ್ತಿರದ ಮನುಷ್ಯ, ಇಪ್ಪತ್ತೇಳರ ತಾನು ಬಿಟ್ಟುಹೋದ ಸಾಲಿನ ಮುಂದೆ ಕೂತಿದ್ದಾನೆ. ಮಧ್ಯೆ ಮುಸೋರ್ಗ್‌ಸ್ಕಿ ಸತ್ತಿದ್ದಾನೆ. ಬೊರೊದಿನ್ ಸತ್ತಿದ್ದಾನೆ. ಚೈಕೋವ್‌ಸ್ಕಿ ಆರು ಸಿಂಫನಿ ಬರೆದು ಸತ್ತಿದ್ದಾನೆ. ರಿಮ್‌ಸ್ಕಿ-ಕೊರ್ಸಕೊವ್ ಜೊತೆ ಸಂಬಂಧ ಹಳಸಿದೆ. ಕಾಲ ಎಲ್ಲಿಗೋ ಹೋಗಿದೆ. ಬೇರೆ ಯಾರಾದರೂ ಆಗಿದ್ದರೆ ಹಳೆಯದನ್ನು ಹರಿದುಹಾಕಿ ಹೊಸದು ಬರೆಯುತ್ತಿದ್ದರು, ಇಲ್ಲಾ ಹಳೆಯದಕ್ಕೆ ಹೊಸ ಕಾಲದ ಬಣ್ಣ ಬಳಿಯುತ್ತಿದ್ದರು. ಇವನು ಬಿಟ್ಟಲ್ಲಿಂದ ಮುಂದುವರಿಸಿದ. ಸುಮ್ನೆ, ನಿನ್ನೆ ಊಟಕ್ಕೆ ಎದ್ದುಹೋಗಿದ್ದವನ ಹಾಗೆ.

ಮೊದಲ ಭಾಗ ಶುರುವಾಗುವುದು ತುಂಬಾ ನಿಧಾನವಾಗಿ. ಎರಡು ಪುಟ್ಟ ಎಳೆಗಳು, ದೊಡ್ಡ ರಾಗವೇನೂ ಅಲ್ಲ, ಹಾಡಿಕೊಳ್ಳುವಷ್ಟೂ ಉದ್ದ ಇಲ್ಲ. ಆಮೇಲಿನದ್ದೆಲ್ಲಾ ಅದರಿಂದಲೇ ಬೆಳೆಯುತ್ತದೆ. ವೇಗ ಬಂದಾಗಲೂ ಅದೇ ಎಳೆ, ಹಿತ್ತಾಳೆ ವಾದ್ಯಗಳು ಮೊಳಗಿದಾಗಲೂ ಅದೇ. ಹೊಸಬರನ್ನು ಕರೆಯದೆ ಮನೆಯವರನ್ನೇ ಇಟ್ಟುಕೊಂಡು ಮದುವೆ ಮಾಡಿ ಮುಗಿಸಿದ ಹಾಗೆ. ರಾಗ ಆಲಾಪನೆ ಕೇಳಿ ಬೆಳೆದ ಕಿವಿಗೆ ಈ ಬೆಳವಣಿಗೆ ಬೇಗ ಹತ್ತಿರವಾಗುತ್ತದೆ. ನನಗಂತೂ ಬೀಥೋವನ್‌ಗಿಂತ ಬೇಗ ಹತ್ತಿರವಾಯಿತು.

ಇದರಲ್ಲೇ ಎಲ್ಲೋ ಒಂದು ಕಡೆ 1866ರ ಕೈ ನಿಂತು 1890ರ ದಶಕದ ಕೈ ಶುರುವಾಗಬೇಕು. ಸೀರೆಗೆ ತೇಪೆ ಹಾಕಿದ ಜಾಗ ಹುಡುಕುವ ಹಾಗೆ ಹುಡುಕಿದ್ದೇನೆ. ಹೆಡ್‌ಫೋನ್ ಹಾಕಿಕೊಂಡು, ಬಸ್ಸಿನಲ್ಲಿ, ರಾತ್ರಿ ಹಾಸಿಗೆಯಲ್ಲಿ. ಎಷ್ಟೋ ಸಲ ಇಲ್ಲೇ ಇರಬೇಕು ಅನ್ನಿಸಿದೆ, ಮರುದಿನ ಕೇಳಿದರೆ ಅಲ್ಲ ಅನ್ನಿಸಿದೆ.

ಎರಡನೇ ಭಾಗ ಹಗುರ ಹೆಜ್ಜೆಯದು, ಕೇಳಿ ಮುಂದೆ ಹೋಗಬಹುದು. ಮೂರನೆಯದು ಆ ಕ್ಲಾರಿನೆಟ್. ಮತ್ತೆ ಡಿ ಫ್ಲ್ಯಾಟ್ ಮೇಜರ್, ಮತ್ತೆ ಒಂದೂವರೆ ಮನೆ. ಚೈಕೋವ್‌ಸ್ಕಿಗೆ ಹಠ ಹಿಡಿದು ಕೊಟ್ಟ ಶ್ರುತಿಯನ್ನು ಇಲ್ಲಿ ತನಗೇ ಇಟ್ಟುಕೊಂಡಿದ್ದಾನೆ. ಇದು ಪೂರಾ ವಯಸ್ಸಾದ ಮೇಲೆ ಬರೆದ ಭಾಗ. ತಂತಿವಾದ್ಯಗಳು ಕೆಳಗೆ ಮೆತ್ತಗೆ ತೂಗುತ್ತಿರುತ್ತವೆ, ಮೇಲೆ ಕ್ಲಾರಿನೆಟ್ ಹಾಡುತ್ತಾ ಹೋಗುತ್ತದೆ. ಅವಸರವೇ ಇಲ್ಲ. ಒಂದು ದಿನ ಇದು ಸ್ಪೀಕರ್‌ನಲ್ಲಿ ಬರುತ್ತಿದ್ದಾಗ ಅಮ್ಮ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದಳು. 'ಲಾಲಿ ಹಾಡಿನ ಹಾಗಿದೆ' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಲಾಲಿಗೆ ಇಷ್ಟೊಂದು ಜನ ಯಾಕೋ?' ಅಂತಲೂ ಕೇಳಿದಳು. ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರ ಇಲ್ಲ.

ಕೊನೆಯ ಭಾಗದಲ್ಲಿ ಚೆಲ್ಲೊ, ಬಾಸ್‌ಗಳು ಒಂದು ರಷ್ಯನ್ ಜನಪದ ಧಾಟಿಯನ್ನು ಭುಜ ಕುಣಿಸಿಕೊಂಡು ಎತ್ತಿಕೊಳ್ಳುತ್ತವೆ. ಮಧ್ಯೆ ಕ್ಲಾರಿನೆಟ್‌ನಲ್ಲಿ ಪೂರ್ವದ ಕಡೆಯದೊಂದು ರಾಗ ಬಳುಕುತ್ತದೆ, ಕಾಕಸಸ್ ಇನ್ನೂ ಬಿಟ್ಟಿಲ್ಲ ಅಂತ. ಮುಗಿಯುವುದು ಪೋಲೆಂಡಿನ ಕುಣಿತದ ನಡೆಯಲ್ಲಿ. ಇದು ಸ್ವಲ್ಪ ಗದ್ದಲ ಜಾಸ್ತಿಯಾಯ್ತು ಅಂತ ನನ್ನ ದೂರು. ಹಬ್ಬದ ಕೊನೆಗೆ ಪಟಾಕಿ ಉಳಿದಿದೆ ಅಂತ ಎಲ್ಲಾ ಒಟ್ಟಿಗೆ ಹಚ್ಚಿದ ಹಾಗಿದೆ. ಆದರೆ ಮೂವತ್ಮೂರು ವರ್ಷ ಕಾದವನಿಗೆ ಪಟಾಕಿ ಬೇಡ ಅನ್ನಲು ನಾನ್ಯಾರು.

1898ರಲ್ಲಿ ಉಚಿತ ಶಾಲೆಯ ಕಛೇರಿಯಲ್ಲಿ ಅವನೇ ನಿಂತು ಇದನ್ನು ನುಡಿಸಿದ. ಇದು 1866ರಲ್ಲೇ ಬಂದಿದ್ದರೆ ರಷ್ಯನ್ ಸಿಂಫನಿಯ ಚರಿತ್ರೆಯೇ ಬೇರೆ ಆಗುತ್ತಿತ್ತು, ತಡವಾಗಿ ಬಂದು ಯಾರಿಗೂ ಬೇಡವಾಯಿತು, ಇದು ಸಾಮಾನ್ಯವಾಗಿ ಹೇಳುವ ಮಾತು. ಅರ್ಧ ಒಪ್ಪುತ್ತೇನೆ. ಚರಿತ್ರೆ ಬರೆಯುವವರಿಗೆ ಅದು ತಡ. ಆದರೆ ಆ ಮೂರನೇ ಭಾಗವನ್ನು ಇಪ್ಪತ್ತೊಂಬತ್ತರ ಬಾಲಾಕಿರೆವ್ ಬರೆಯುತ್ತಿದ್ದ ಅಂತ ನನಗೆ ಅನ್ನಿಸುವುದಿಲ್ಲ. ಆ ಹುಡುಗ ಬೇರೆಯವರ ಸಾಲು ತಿದ್ದುವುದರಲ್ಲಿದ್ದ. ಇದನ್ನು ಬರೆದವನು ಗೂಡ್ಸ್ ಆಫೀಸಿನಲ್ಲಿ ಕೂತು ಎದ್ದವನು.

ಇನ್ನು ಮೈಸೂರು. ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಚಿಕ್ಕಂದಿನಿಂದ ಪಿಯಾನೊ ಕಲಿತವರು. ಪಿಯಾನೊ ವಾದಕ ಆಗಬೇಕು ಅನ್ನುವ ಆಸೆ ಬಲವಾಗಿಯೇ ಇತ್ತು. 1940ರಲ್ಲಿ ಐದು ತಿಂಗಳೊಳಗೆ ಮೊದಲು ತಂದೆ, ಆಮೇಲೆ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದಕ್ಕೆ ಸಿಂಹಾಸನ ಬಂತು, ಪಿಯಾನೊ ಕನಸು ಹೋಯ್ತು. ಆಮೇಲೆ ಅವರು ಕರ್ನಾಟಕ ಸಂಗೀತದ ಕಡೆ ತಿರುಗಿ 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ರಚಿಸಿದ್ದು ನಮಗೆಲ್ಲಾ ಗೊತ್ತು. ಹಳೇ ಪ್ರೀತಿಯನ್ನು ಮಾತ್ರ ಬಿಡಲಿಲ್ಲ. ಲಂಡನ್ನಿನಲ್ಲಿ ವಯಸ್ಸಾಗಿ, ಕಾಯಿಲೆ ಬಿದ್ದು, ಕೈಯಲ್ಲಿ ಕಾಸಿಲ್ಲದೆ ಇದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಡ್ನರ್‌ನ ಕೃತಿಗಳನ್ನು ಅವನ ಕೈಯಿಂದಲೇ ರೆಕಾರ್ಡ್ ಮಾಡಿಸಿದರು. ಅವನು ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ.

ಫಿಲ್ಹಾರ್ಮೋನಿಯಾ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೇ ಬಂದು ಅರಮನೆಯಲ್ಲಿ ಉಳಿದಿದ್ದ. ದೊಡ್ಡ ದೊಡ್ಡ ಸ್ಪೀಕರ್‌ಗಳು, ಗ್ರ್ಯಾಂಡ್ ಪಿಯಾನೊಗಳು, ಗೋಡೆ ತುಂಬಾ ರೆಕಾರ್ಡುಗಳು ನೋಡಿ ಬೆರಗಾದ. ಮಹಾರಾಜರು ವರ್ಷಕ್ಕೆ 10,000 ಪೌಂಡ್‌ನಂತೆ ಮೂರು ವರ್ಷ ಕೊಡಲು ಒಪ್ಪಿದರು ಅಂತ ಲೆಗ್ ಬರೆದುಕೊಂಡಿದ್ದಾನೆ. ಬದಲಿಗೆ ಅವರು ಕೇಳಿದ ಕೃತಿಗಳನ್ನು ರೆಕಾರ್ಡ್ ಮಾಡಬೇಕು. ಅವರು ಕೇಳಿದ್ದು ಅಂಗಡಿಯಲ್ಲಿ ಹತ್ತು ಬಗೆ ಸಿಗುವ ಬೀಥೋವನ್ ಅಲ್ಲ. ರೂಸೆಲ್‌ನ ನಾಲ್ಕನೇ ಸಿಂಫನಿ, ಬುಸೋನಿಯ ಕೃತಿ, ಬಾಲಾಕಿರೆವ್‌ನ ಸಿಂಫನಿ. ಹುಡುಕಿ ಹುಡುಕಿ ಮರೆತುಹೋದವರನ್ನೇ ಆರಿಸಿದ ಪಟ್ಟಿ. ಈ ಅಭಿರುಚಿಗೆ ನಾನು ಕೈ ಮುಗಿಯುತ್ತೇನೆ. ಮೈಸೂರಿನ ಜನರ ತೆರಿಗೆ ದುಡ್ಡಲ್ಲವೇ ಅಂತ ಗೆಳೆಯನೊಬ್ಬ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಅರಮನೆಗಳ ಖರ್ಚಿನಲ್ಲಿ ಆನೆ, ಕಾರು, ಬೇಟೆಗೆ ಹೋದದ್ದರ ಪಕ್ಕ ಇದನ್ನು ಇಟ್ಟು ನೋಡು ಅಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ.

ಆಗಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ನಾಲ್ಕೈದು ನಿಮಿಷ. ಈ ಸಿಂಫನಿ ನಲವತ್ತು ನಿಮಿಷ ದಾಟುತ್ತದೆ. ಅಂದರೆ ಮೂರನೇ ಭಾಗದ ಲಾಲಿಯ ಮಧ್ಯೆಯೇ ಯಾರಾದರೂ ಎದ್ದು ತಟ್ಟೆ ತಿರುಗಿಸಬೇಕು. ಮೂವತ್ಮೂರು ವರ್ಷ ತುಂಡು ತುಂಡಾಗಿ ಬರೆದದ್ದನ್ನು ಮತ್ತೆ ತುಂಡು ಮಾಡಿ ಕೇಳುವುದು. ರೆಕಾರ್ಡಿಂಗ್ ಆಗಿ ಎರಡೇ ತಿಂಗಳಿಗೆ, 1950ರ ಜನವರಿ 26ಕ್ಕೆ, ದೇಶ ಗಣರಾಜ್ಯವಾಯಿತು. ಮಹಾರಾಜರು ಮಹಾರಾಜರಾಗಿ ಉಳಿಯಲಿಲ್ಲ, ರಾಜ್ಯಪಾಲರಂಥ ಹುದ್ದೆಯ ರಾಜಪ್ರಮುಖರಾದರು. ಕಾಲ ದಾಟಿದ ಮೇಲೆ ಬಂದ ಒಂದು ಸಂಗೀತವನ್ನು, ಕಾಲ ಮುಗಿಯುತ್ತಿದ್ದ ಒಬ್ಬ ರಾಜ ತರಿಸಿಕೊಂಡಿದ್ದರು.

ಆ ರೆಕಾರ್ಡಿಂಗ್ ಆದ ಮೇಲೆ ಬೇರೆಯವರೂ ಇದನ್ನು ಮುಟ್ಟಿದರು. 1955ರಲ್ಲಿ ಥಾಮಸ್ ಬೀಚಮ್ ಮಾಡಿದ್ದು ಬಿಸಿಬಿಸಿಯಾಗಿದೆ, ಹೊಸಬರಿಗೆ ಅದನ್ನೇ ಹೇಳುತ್ತೇನೆ. 1990ರ ದಶಕದಲ್ಲಿ ರಷ್ಯಾದ ಸ್ವೆತ್ಲಾನೊವ್ ಬಂದು ಅದೇ ಫಿಲ್ಹಾರ್ಮೋನಿಯಾ ಜೊತೆ ಮಾಡಿದ. ನಾನು ಮಾತ್ರ ಆ ಎಣ್ಣೆ ಕಾಯುವ ಸದ್ದಿನ ಮೋನೊಗೇ ವಾಪಸ್ ಹೋಗುತ್ತೇನೆ. ಊರಭಿಮಾನ ಅನ್ನಿ.

ಒಂದು ವಿಷಯ ಹೇಳಲು ಮರೆತೆ. 1860ರ ದಶಕದಲ್ಲಿ ಈ ಸಿಂಫನಿಗೆ ಅಂತ ಅವನು ಒಂದು ಸ್ಕೆರ್ಟ್ಸೊ, ಅಂದರೆ ಚುರುಕು ನಡೆಯ ಭಾಗ, ಯೋಚಿಸಿಟ್ಟಿದ್ದ, ಕೊಸಾಕ್ ಕುಣಿತದ ನಡೆಯದ್ದು. ಕೊನೆಗೆ ಮುಗಿಸುವಾಗ ಅದನ್ನು ಹಾಕದೆ ಬೇರೆ ಬರೆದ. ಹಳೆಯದನ್ನು ಎಸೆಯಲಿಲ್ಲ. 1900ರಲ್ಲಿ ಎರಡನೇ ಸಿಂಫನಿ ಶುರುಮಾಡಿ, 1908ರಲ್ಲಿ ಮುಗಿಸಿ, ಅದರೊಳಗೆ ಇದನ್ನು ಕೂರಿಸಿದ. ಎರಡು ವರ್ಷ ಕಳೆದು ತೀರಿಕೊಂಡ. ಆ ಎರಡನೇ ಸಿಂಫನಿಯನ್ನು ನಾನಿನ್ನೂ ಪೂರ್ತಿ ಕೇಳಿಲ್ಲ. ಅನುಪಲ್ಲವಿಯೂ ಹಾಗೇ ಬಾಕಿ ಇದೆ.